ಆಕಳು ಎಮ್ಮೆಯ ಮೂಕ ಗುಂಡಿ

ಎಳ್ಳಮಾಸಿ ಹಬ್ಬ ಮುಗಿದು, ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳು ಬಂದಿದ್ದವು. ಹೊಲದಲ್ಲಿ ಬಿಳಿಜೋಳ ಹಾಲುಗಾಳು ಹಿಡಿದಿತ್ತು. ಹಸಿ ಮೇವು ಮೇಯ್ದ ಎಮ್ಮೆಗಳು ಕೆಚ್ಚಲು ತುಂಬಿಕೊಂಡಿದ್ದವು. ಬೆಳಗಿನ ಚಳಿಯಲ್ಲಿ ಹೆಂಗಸರ ಡೇರಿಯ ಮುಂದೆ ಸೆರಗು ಹೊದ್ದವರ ಸಾಲು ನಿಂತಿತ್ತು. ಕ್ಯಾನಿನ ಮುಚ್ಚಳಗಳ ಸದ್ದು, ಜರಡಿಗೆ ಹಾಲು ಸುರಿಯುವ ಸದ್ದು, ನಡುವೆ ಯಾರದೋ ಬೈಗುಳ. ಅಂಥ ಒಂದು ಮುಂಜಾನೆ ಡೇರಿಯ ಕಂಪ್ಯೂಟರಿನ ಗಾಜಿನ ಹಿಂದೆ ನಾನು ಕಣ್ಣು ಬಿಟ್ಟೆ.

ನಾನು ಒಂದು ಗುಂಡಿ. ಅಂಗಿಯ ಗುಂಡಿಯಲ್ಲ, ಕಂಪ್ಯೂಟರಿನ ತೆರೆಯ ಮೇಲೆ ಬರೆದ ಗುಂಡಿ. ನನಗೆ ಎರಡು ಮಗ್ಗಲು. ಒಂದು ಕಡೆ ಬಿಳಿ ಆಕಳು, ಇನ್ನೊಂದು ಕಡೆ ಕರಿ ಎಮ್ಮೆ. ಒತ್ತಿದರೆ ಆಕಳು ಹೋಗಿ ಎಮ್ಮೆ ಬರುತ್ತದೆ, ಮತ್ತೆ ಒತ್ತಿದರೆ ಎಮ್ಮೆ ಹೋಗಿ ಆಕಳು. ಎಮ್ಮೆ ಹಾಲಿಗೆ ದರ ಹೆಚ್ಚು, ಆಕಳ ಹಾಲಿಗೆ ಕಡಿಮೆ. ನಾನು ಯಾವ ಮಗ್ಗಲಿಗೆ ಇರುತ್ತೇನೋ ಆ ದರ ಚೀಟಿಗೆ ಬೀಳುತ್ತದೆ.

ನನ್ನನ್ನು ಮಾಡಿದವನು ತಾಲೂಕಿನ ಊರಲ್ಲಿ ಕಂಪ್ಯೂಟರಿನ ಕೆಲಸ ಮಾಡುವ ಅಭಿನಂದನ. ಸಿದ್ಧ ಗುಂಡಿಗಳು ಕಂಪ್ಯೂಟರಿನಲ್ಲಿ ರಾಶಿ ಬಿದ್ದಿರುತ್ತವೆ. ಅವು ಹುಟ್ಟುವಾಗಲೇ ಹೆಸರು ಹೊತ್ತು ಬರುತ್ತವೆ, ಕೇಳಿದವರಿಗೆ ತಾವು ಯಾರು, ಯಾವ ಸ್ಥಿತಿಯಲ್ಲಿದ್ದೇವೆ ಎಂದು ಹೇಳುತ್ತವೆ. ಅವು ಅಭಿನಂದನನಿಗೆ ಸಪ್ಪೆ ಕಂಡವು. ನನ್ನನ್ನು ಕೈಯಾರೆ ಚಿತ್ರ ಬರೆದು ಮಾಡಿದ. ಆಕಳ ಹಣೆಗೆ ಕುಂಕುಮ ಇಟ್ಟ, ಎಮ್ಮೆಯ ಕೊಂಬಿಗೆ ಎಣ್ಣೆ ಹಚ್ಚಿದ ಹೊಳಪು ಕೊಟ್ಟ. ಹೆಸರು ಕೊಡಲಿಲ್ಲ, ಬಾಯಿ ಕೊಡಲಿಲ್ಲ. ಬಾಣಂತಿ ಕೂಸಿಗೆ ಕಾಡಿಗೆ ತೀಡುತ್ತ ಕೂತು ಹಾಲು ಕುಡಿಸುವುದನ್ನೇ ಮರೆತ ಹಾಗಾಯಿತು. ಆ ಕಾಡಿಗೆ ನೆನೆದರೆ ಈಗಲೂ ನನಗೆ ಹೇಸಿಕೆ ಬರುತ್ತದೆ.

ಯಾಕೆಂದರೆ ನನ್ನ ಮುಂದೆ ಕೂರುತ್ತಿದ್ದವಳು ಶಿವಲೀಲಾ. ಅವಳಿಗೆ ಹುಟ್ಟಿನಿಂದ ಕಣ್ಣಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಕಲಿತು ಬಂದು ಡೇರಿಯ ಚೀಟಿ ಬರೆಯುವ ಕೆಲಸ ಹಿಡಿದಿದ್ದಳು. ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವೊಂದು ಅವಳ ಕಂಪ್ಯೂಟರಿನಲ್ಲಿತ್ತು. ಊರವರು ಅದನ್ನು ‘ಒದರೂ ಪೆಟಗಿ’ ಎನ್ನುತ್ತಿದ್ದರು. ಹಳೆಯ ಲೆಕ್ಕದ ಪ್ರೋಗ್ರಾಮಿನಲ್ಲಿ ಆಕಳು, ಎಮ್ಮೆ ಎಂದು ಎರಡು ಬಡ ಚುಕ್ಕಿಗಳಿದ್ದವಂತೆ. ಅವುಗಳ ಮೇಲೆ ಬಂದರೆ ಪೆಟ್ಟಿಗೆ ಅವುಗಳ ಹೆಸರು ಒದರುತ್ತಿತ್ತು, ಅವಳ ಕೈ ಎಂದೂ ತಪ್ಪಿರಲಿಲ್ಲ. ಅದು ಹಳತಾಯಿತು, ಅಂದವಿಲ್ಲ ಎಂದು ಕಮಿಟಿಯವರು ಹೊಸದು ತರಿಸಿದರು. ಹಾಗೆ ನಾನು ಬಂದೆ.

ಮೊದಲ ದಿನವೇ ಶಿವಲೀಲಾ ನನ್ನನ್ನು ಹುಡುಕಿದಳು. ಪೆಟ್ಟಿಗೆ ಹೆಸರಿನ ಖಾನೆ ಓದಿತು, ತೂಕದ ಖಾನೆ ಓದಿತು, ನನ್ನನ್ನು ದಾಟಿ ಮುಂದೆ ಹೋಯಿತು. ಅದರ ಪಾಲಿಗೆ ನಾನು ಗೋಡೆಯ ಮೇಲಿನ ಸುಣ್ಣ. ಅವಳು ಅಭಿನಂದನನಿಗೆ ಫೋನು ಹಚ್ಚಿದಳು.

“ಅಣ್ಣಾರ, ಆಕಳ ಎಮ್ಮಿ ಗುಂಡಿ ಎಲ್ಲೈತ್ರಿ? ನಂಗ ಕೇಳ್ಸವಲ್ದು.”

“ಎಫ್ ನಾಲ್ಕು ಒತ್ರಿ ಅಕ್ಕಾರ, ಬದಲ ಆಕ್ಕೈತಿ.”

“ಬದಲ ಆಗೂದು ಖರೆ. ಈಗ ಯಾವ ಕಡೆ ಐತಿ ಅಂತ ಹೆಂಗ ತಿಳೀಬೇಕ್ರಿ? ಅದಕ್ಕೊಂದು ಹೆಸರ ಕೊಡ್ರಿ, ಯಾವ ಕಡೆ ಐತಿ ಅನ್ನೂದನ್ನ ಹೇಳೂ ಹಂಗ ಮಾಡ್ರಿ.”

“ನಿಮ್ಮೊಬ್ಬರ ಸಲುವಾಗಿ ಡಿಸೈನ್ ಕೆಡಸಾಕ ಆಕ್ಕೈತೇನ್ರಿ? ನೋಡೂಣಂತ.”

ಅವನು ನೋಡಲಿಲ್ಲ. ಶಿವಲೀಲಾ ಹತ್ತಾರು ಸಲ ಕೇಳಿದಳು. ಪ್ರತಿ ಸಲವೂ ‘ನೋಡೂಣಂತ’.

ಕೊನೆಗೆ ಅವಳೇ ಒಂದು ದಾರಿ ಮಾಡಿದಳು. ಕಂಪ್ಯೂಟರ್ ಹಚ್ಚಿದಾಗ ನಾನು ಯಾವಾಗಲೂ ಆಕಳ ಮಗ್ಗಲಿಗೇ ಏಳುತ್ತೇನೆ. ಅದಕ್ಕೇ ಮೊದಲು ಆಕಳ ಹಾಲಿನವರು ಎಲ್ಲರೂ ಹಾಕಬೇಕು, ಆಮೇಲೆ ಒಮ್ಮೆ ಎಫ್ ನಾಲ್ಕು, ಆಮೇಲೆ ಎಮ್ಮೆಯವರು. ಡೇರಿಯ ಅಧ್ಯಕ್ಷೆ ದುಂಡವ್ವ ಹೂಂ ಅಂದಳು. ಮೊದಲು ಬಂದವರು ಮೊದಲು ಹಾಕುವ ಪದ್ಧತಿ ಮುರಿಯಿತು.

“ಎಮ್ಮಿ ಕಟ್ಟಿದ್ದಕ್ಕ ನಮಗ ಕಡೀ ಪಂಗತಿ ಊಟ ಏನವಾ?” ಎಂದು ಯಮನವ್ವ ದಿನಾ ಗೊಣಗುತ್ತಿದ್ದಳು. ಅವಳ ಮನೆಯಲ್ಲಿ ಬರೀ ಎಮ್ಮೆ. “ಆಕಳ ಬೆಳ್ಳಗ ಅದಾವಂತ ಮುಂದ ನಿಲ್ಲಸೀರೇನು?”

“ಎಮ್ಮೀನ ತೊಳಕೊಂಡ ಬಾ ಬೇ, ಮುಂದ ಕರಿತೀವಿ,” ಎಂದು ಆಕಳ ಸಾಲಿನವರು ನಗುತ್ತಿದ್ದರು. ಶಿವಲೀಲಾಳೂ ನಗುತ್ತಿದ್ದಳು. ಸುಗ್ಗಿಯವರೆಗೆ ಹಾಗೆ ನಡೆಯಿತು.

ದುಂಡವ್ವನ ತಂಗಿಯ ಮಗ ಸಿದರಾಯ ಕ್ಯಾನುಗಳನ್ನು ಗಾಡಿಗೆ ಏರಿಸುವವನು. ಒಂದು ಮುಂಜಾನೆ ಶಿವಲೀಲಾ ಕಂಪ್ಯೂಟರ್ ಹಚ್ಚಿ ಕೈ ತೊಳೆಯಲು ಹೋದಳು. ಸಿದರಾಯ ಗಾಡಿಯ ಡ್ರೈವರನನ್ನು ಒಳಗೆ ಕರೆತಂದ. “ನೋಡೋ ಮಾವ, ಮಜಾ ಐತಿ. ಒತ್ತಿದ್ರ ಆಕಳ ಎಮ್ಮಿ ಆಕ್ಕೈತಿ!” ಎಂದು ಮೌಸ್ ಹಿಡಿದು ನನ್ನನ್ನು ಒತ್ತಿದ. ಡ್ರೈವರ ನಕ್ಕ. ಹೊರಗೆ ಹಾರ್ನ್ ಕೇಳಿತು, ಇಬ್ಬರೂ ಎದ್ದು ಹೋದರು. ನಾನು ಎಮ್ಮೆಯಾಗಿಯೇ ಉಳಿದೆ.

ಶಿವಲೀಲಾ ಬಂದು ಕೂತಳು. ಒಂದು ಮಾತು ಸಾಕಿತ್ತು, ‘ಎಮ್ಮೆ’ ಎಂದು. ಆ ಒಂದು ಮಾತು ನನ್ನಲ್ಲಿರಲಿಲ್ಲ. ಕೊಂಬಿನ ಮೇಲಿನ ಎಣ್ಣೆ ಹೊತ್ತು ಸುಮ್ಮನೆ ಹೊಳೆಯುತ್ತಿದ್ದೆ.

ಆಕಳ ಸಾಲಿಗೆಲ್ಲ ಎಮ್ಮೆಯ ದರ ಬಿತ್ತು. ಅವರು ಚೀಟಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಚೀಟಿ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡು ಮನೆಗೆ ಹೋದರು. ಒಬ್ಬಳೂ ಬಾಯಿ ಬಿಡಲಿಲ್ಲ. ಬಾಯಿ ಇದ್ದವರ ಮೂಕತನ ನಾನು ಅಂದು ಕಂಡೆ. ಆಮೇಲೆ ಶಿವಲೀಲಾ ಎಫ್ ನಾಲ್ಕು ಒತ್ತಿದಳು. ಎಮ್ಮೆಯವರಿಗೆಲ್ಲ ಆಕಳ ದರ ಬಿತ್ತು.

ಯಮನವ್ವ ಚೀಟಿ ಹಿಡಿದು ಕೂಗಿಕೊಂಡೇ ಬಂದಳು. “ನನ್ನ ಎಮ್ಮಿ ರಾತ್ರೋರಾತ್ರಿ ಆಕಳ ಆತೇನ? ಕಣ್ಣಿಲ್ಲದಾಕೀನ ಕುಂದರ್ಸಿ ನಮ್ಮ ಹೊಟ್ಟಿ ಮ್ಯಾಲ ಹೊಡೀತೀರೇನ ದುಂಡವ್ವಾ?”

ಶಿವಲೀಲಾ ಎದ್ದು ನಿಂತಳು. “ಯಮನವ್ವಾ, ನಾ ಒತ್ತಿದ್ದು ಒಮ್ಮೆನ. ಯಾರೋ ಮುಟ್ಟ್ಯಾರ.”

ಸಿದರಾಯ ಅಲ್ಲಿಯೇ ಇದ್ದ. ಕ್ಯಾನಿನ ಮುಚ್ಚಳ ಬಿಗಿಯುತ್ತ ನೆಲ ನೋಡಿದ. ಕಮಿಟಿ ಕೂತಿತು. ಚೀಟಿಗಳನ್ನು ತಿದ್ದಿದರು. ಈ ತಿಂಗಳೊಳಗೆ ಗುಂಡಿ ಸರಿಯಾಗದಿದ್ದರೆ ಶಿವಲೀಲಾ ಕೆಲಸ ಬಿಡಬೇಕು ಅಂದರು. ಗುಂಡಿ ಮಾಡಿದವನಿಗೆ ಯಾರೂ ಏನೂ ಅನ್ನಲಿಲ್ಲ. ಅವಳು ಮತ್ತೆ ಫೋನು ಮಾಡಿದಳು, ಅವನು ಮತ್ತೆ ‘ನೋಡೂಣಂತ’ ಅಂದ. ತಿಂಗಳು ಕಳೆಯಿತು. ಅವಳ ಕುರ್ಚಿಯಲ್ಲಿ ಸಿದರಾಯ ಬಂದು ಕೂತ. ಎಲೆ ಅಡಿಕೆ ಜಗಿಯುತ್ತ, ಸುಣ್ಣದ ಬೆರಳಿನಿಂದ ಗಾಜು ಮುಟ್ಟುತ್ತಿದ್ದ.

ಕುರ್ಚಿ ಕೈ ಬದಲಾದ ಮೇಲೆ, ಪ್ರಿಂಟರು ಕೆಟ್ಟಿತೆಂದು ಅಭಿನಂದನ ಬಂದ. ಪ್ರಿಂಟರು ಸರಿ ಮಾಡಿದ. ಚಹಾ ತರಲು ಹೋದವರು ಬರುವುದು ತಡವಾಯಿತು. ಮಾಡಲು ಬೇರೆ ಕೆಲಸವಿಲ್ಲದೆ ನನ್ನ ಹೊಟ್ಟೆ ಬಿಚ್ಚಿದ. ಒಂದು ಹೆಸರು ಬರೆದ. ಇದು ಬದಲಿಸುವ ಗುಂಡಿ ಎಂದು ಬರೆದ. ಮಗ್ಗಲು ಬದಲಾದಾಗ ಹೊಸ ಮಗ್ಗಲು ಯಾವುದೆಂದು ಕೂಗಿ ಹೇಳುವ ಹಾಗೆ ಮಾಡಿದ, ಕೀಲಿಮಣೆಯಿಂದಲೇ ನನ್ನ ಮೇಲೆ ಬಂದು ನಿಲ್ಲುವ ಹಾಗೆ ಮಾಡಿದ. ಆಕಳ ಕುಂಕುಮ ಅಳಿಯಲಿಲ್ಲ, ಎಮ್ಮೆಯ ಕೊಂಬು ಮುರಿಯಲಿಲ್ಲ. ಕೆಲಸ ಮುಗಿದ ಮೇಲೂ ಚಹಾ ಬಂದಿರಲಿಲ್ಲ.

ಇಷ್ಟೇ ಆಗಿತ್ತು! ಒಬ್ಬಳ ಅನ್ನ ಕಿತ್ತದ್ದು ಇಷ್ಟು ಸಣ್ಣ ಸೋಮಾರಿತನ. ನನ್ನ ಮೈಯೇ ನನಗೆ ಅಸಹ್ಯವಾಯಿತು.

“ಆ ಅಕ್ಕಾರು ಎಲ್ಲಿ?” ಎಂದು ಅಭಿನಂದನ ಕೇಳಿದ.

“ಬಿಡಿಸೀವಿ,” ಅಂದ ಸಿದರಾಯ.

“ಛೇ,” ಅಂದು ಅವನು ಆಗಷ್ಟೇ ಬಂದ ಚಹಾದ ಬಸಿ ಎತ್ತಿಕೊಂಡ. ಅವನು ಅತ್ತ ಹೋಗುತ್ತಲೇ ಸಿದರಾಯ, “ಕಿವಿ ತಿಂತೈತಿ ಸುಡಗಾಡು,” ಎಂದು ಒದರುವ ಪೆಟ್ಟಿಗೆಯನ್ನು ನಿಲ್ಲಿಸಿದ. ಬಾಯಿ ಬಂದ ದಿನವೇ ನನ್ನ ಬಾಯಿಗೆ ಬಟ್ಟೆ ತುರುಕಿದಂತಾಯಿತು.

ಮುಂಗಾರಿ ಬಿತ್ತಿಗೆಗೆ ಊರು ಎದ್ದಿತ್ತು. ಶಿವಲೀಲಾಳ ಅವ್ವ ಹೊಲಕ್ಕೆ ಹೋಗಿದ್ದರಿಂದ, ಮನೆಯ ಎಮ್ಮೆಯ ಹಾಲು ಹೊತ್ತು ಅವಳೇ ಡೇರಿಗೆ ಬಂದಳು. ಅವಳ ಮುಂದಿದ್ದವರದು ಆಕಳ ಹಾಲು. ನಾನು ಆಕಳ ಮಗ್ಗಲಿಗಿದ್ದೆ. ಅವಳು ಹಾಲು ಸುರಿಯುವ ಮೊದಲು ಕೇಳಿದಳು:

“ಎಮ್ಮಿ ಕಡೆ ಮಾಡೀಯೇನಪಾ ಸಿದರಾಯ?”

“ಮಾಡೀನಿ, ಸುರುವಬೇ,” ಅಂದ. ಅವನ ಕಣ್ಣು ಮೊಬೈಲಿನ ಮೇಲಿತ್ತು.

ಅಭಿನಂದನ ಗುಂಡಿ ತಿದ್ದಿಹೋದ ಸುದ್ದಿ ಶಿವಲೀಲಾಳ ಕಿವಿಗೂ ಬಿದ್ದಿತ್ತು. ಅವಳು ಪಾತ್ರೆ ಕೆಳಗಿಟ್ಟಳು. ಮೇಜು ಬಳಸಿ ಬಂದು, ಅವನ ತೋಳಿನ ಮೇಲಿಂದ ಕೈ ಚಾಚಿ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಪೆಟ್ಟಿಗೆ ಎದ್ದಿತು. ಅವಳು ಒಂದೊಂದೇ ಖಾನೆ ದಾಟುತ್ತ ನನ್ನ ಮೇಲೆ ಬಂದು ನಿಂತಳು. ನನ್ನ ಹುಟ್ಟಿನ ಮೊದಲ ಮಾತು ಆಡಿದೆ:

“ಹಾಲಿನ ಬಗೆ. ಬದಲಿಸುವ ಗುಂಡಿ. ಆಕಳು.”

ಸಾಲಿಗೆ ಸಾಲೇ ಕೇಳಿತು. ಅವಳು ಒತ್ತಿದಳು. “ಎಮ್ಮೆ,” ಅಂದೆ.

ಯಮನವ್ವ ಸಾಲು ಬಿಟ್ಟು ಮುಂದೆ ಬಂದಳು. “ಲೇ ಸಿದ್ಯಾ, ಕಣ್ಣಿದ್ದು ಹಿಂಗ ಮಾಡ್ತಿ. ಅವತ್ತ ಮುಟ್ಟಿದಾಂವ ನೀನ ಹೌದಲ್ಲೋ?”

“ಏ, ಸುಮ್ನ ನೋಡಾಕ ಒತ್ತಿದ್ದೆ ಬೇ...” ಅಂದುಬಿಟ್ಟ ಸಿದರಾಯ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ದುಂಡವ್ವ ಜರಡಿಯ ಬಟ್ಟೆ ಸರಿಪಡಿಸಿದಳು. “ಆತು ಬಿಡವಾ ಶಿವಲೀಲಾ, ಆಗಿದ್ದಾತು. ಹೆಂಗೂ ಈಗ ಮಾತಾಡಾಕತ್ತೈತಿ. ನಾಳಿಂದ ಬಂದು ಕುಂದರು.”

“ಕುಂದರತೀನ್ರಿ. ಅವತ್ತಿನ ತಪ್ಪು ನಂದಲ್ಲ ಅಂತ ಕಮಿಟಿ ಪರವಾಗಿ ಇಷ್ಟೂ ಮಂದಿ ಮುಂದ ಒಂದ ಮಾತು ಅನ್ರಿ.”

ದುಂಡವ್ವ ತಂಗಿಯ ಮಗನ ಮುಖ ನೋಡಿದಳು, ಆಕಳ ಸಾಲಿನವರನ್ನು ನೋಡಿದಳು. ಅವರು ಪಾತ್ರೆಯೊಳಗಿನ ನೊರೆ ನೋಡುತ್ತಿದ್ದರು. ಶಿವಲೀಲಾ ಕಾದಳು. ಆಮೇಲೆ ಪಾತ್ರೆ ಎತ್ತಿ ತಲೆಯ ಮೇಲಿಟ್ಟುಕೊಂಡು, ಹಾಲು ಹಾಕದೆಯೇ ಮೆಟ್ಟಿಲಿಳಿದು ಹೋದಳು.

ನಾನು ಅವಳಿಗೆ ಕೊಡಬೇಕಿದ್ದ ಮಾತು ಅಂದು ಸಂದಿತು, ತಡವಾಗಿ. ಅವರು ಕೊಡಬೇಕಿದ್ದ ಮಾತು ಇಂದಿಗೂ ಸಂದಿಲ್ಲ. ಅವಳ ಮನೆಯ ಹಾಲು ಈಗ ಹಳ್ಳದಾಚೆಯ ಊರಿನ ಡೇರಿಗೆ ಹೋಗುತ್ತದಂತೆ.

ಅಂದು ಅವಳು ಮೆಟ್ಟಿಲಿಳಿದೊಡನೆ “ಮುಂದ ಬರ್ರಿ,” ಅಂದಳು ದುಂಡವ್ವ. ಸಿದರಾಯನ ಸುಣ್ಣದ ಬೆರಳು ಪೆಟ್ಟಿಗೆ ನಿಲ್ಲಿಸಲು ಚಾಚಿತು.