ಟ್ಯಾಬಿನೊಳಗೆ ತಿರುಗಿದ ಅಡುಗೆಮನೆ

ಭಾಲ್ಕಿ ಬಸ್‌ಸ್ಟ್ಯಾಂಡಿನ ಹಿಂದೆ ಫೋಟೊ ಸ್ಟುಡಿಯೋ ಇಟ್ಟಿರುವ ವಿಶಾಖಾಳಿಗೆ ಈಚೆಗೆ ಒಂದು ಹೊಸ ಹುಚ್ಚು ಹತ್ತಿತ್ತು. ನಿಂತ ಜಾಗದಲ್ಲೇ ಕ್ಯಾಮೆರಾವನ್ನು ಒಂದು ಸುತ್ತು ತಿರುಗಿಸಿ ಹತ್ತಿಪ್ಪತ್ತು ಫೋಟೊ ತೆಗೆಯುವುದು, ಅವನ್ನು ಕಂಪ್ಯೂಟರಿನಲ್ಲಿ ಅಂಚಿಗೆ ಅಂಚು ಹೊಲಿಯುವುದು. ಆಮೇಲೆ ಪರದೆಯ ಮೇಲೆ ಬೆರಳಾಡಿಸಿದರೆ ಸಾಕು, ಅಲ್ಲೇ ನಿಂತು ಕತ್ತು ಹೊರಳಿಸಿದಂತೆ ಮೇಲೆ ಕೆಳಗೆ, ಹಿಂದೆ ಮುಂದೆ ಎಲ್ಲ ಕಾಣುತ್ತದೆ.

ಸುದ್ದಿ ಕೇಳಿ ಮೊದಲು ಬಂದವರು ಫಂಕ್ಷನ್ ಹಾಲಿನ ಮಾಲಕ ಶಿವರಾಜಪ್ಪ.

"ಔರಾದದಾಗ ರುಕ್ಮಿಣಿಬಾಯಿ ಅಂತ ಹಿರಿಯರು ಅದಾರವ್ವಾ. ಮೊಮ್ಮಗಳ ಮದುವಿಗಿ ಹಾಲ್ ನೋಡ್ಲಿಕತ್ತಾರ. ಕಾಲಿಗಿ ಪ್ಲಾಸ್ಟರ್ ಹಾಕ್ಯಾರ, ಬರಲಿಕ್ಕಿ ಆಗಂಗಿಲ್ಲ. ಗಂಡಸರು ನೋಡಿ ಬಂದು ಹೇಳಿದ್ದು ಆಕಿ ನಂಬಂಗಿಲ್ಲ. ಕುಂತಲ್ಲೇ ಟ್ಯಾಬಿನಾಗ ನೋಡೋ ಹಂಗ ಮಾಡು" ಎಂದರು.

ಮರುದಿನ ವಿಶಾಖಾ ಹೋದಾಗ ಹಾಲ್ ಥಳಥಳ ಅನ್ನುತ್ತಿತ್ತು. ವೇದಿಕೆ ಮುಗಿಸಿ, ಊಟದ ಜಾಗ ಮುಗಿಸಿ ಅಡುಗೆಮನೆಗೆ ಬಂದಳು. ಒಲೆಗಳು, ಕಟ್ಟೆ ಎಲ್ಲ ತೊಳೆದಿಟ್ಟಂತಿದ್ದವು. ಸ್ಟ್ಯಾಂಡು ನಿಲ್ಲಿಸಿ ಹಿಂದಕ್ಕೆ ತಿರುಗಿದರೆ, ಮುರಿದ ಕುರ್ಚಿ, ಖಾಲಿ ಡಬ್ಬಿ, ಹರಿದ ತಾಡಪತ್ರಿ, ಆಳೆತ್ತರದ ರಾಶಿ.

"ಕಾಕಾ, ಇದೇನ್ರಿ?"

"ಅದು ನಿನ್ನ ಬೆನ್ನ ಹಿಂದ ಅದಲ್ಲ, ಫೋಟೊದಾಗ ಹ್ಯಾಂಗ ಬರ್ತದ?"

"ಈ ಫೋಟೊಕ್ಕ ಹಿಂದ ಅನ್ನೋದೇ ಇಲ್ರಿ ಕಾಕಾ."

ಶಿವರಾಜಪ್ಪ ತಲೆ ಕೆರೆದುಕೊಂಡರು. ಆಳುಗಳು ಊಟಕ್ಕೆ ಹೋಗಿದ್ದರು. "ಇರಲಿ ತೆಗಿ, ಆಮ್ಯಾಲ ಅಳಸಿಬಿಡು" ಎಂದು ಕ್ಯಾಮೆರಾಕ್ಕೆ ಅಡ್ಡ ಬರಬಾರದೆಂದು ಅತ್ತ ಸರಿದರು. ಕ್ಯಾಮೆರಾ ಅತ್ತ ತಿರುಗಿತು. ಅವರು ಇತ್ತ ಸರಿದರು. ಹೀಗೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಮೂರು ಕಡೆ ಸಿಕ್ಕಿಬಿದ್ದಿದ್ದರು.

ಕಂಪ್ಯೂಟರಿನಲ್ಲಿ ಎಲ್ಲ ಚೆನ್ನಾಗಿ ಕೂಡಿಕೊಂಡಿತು. ಟ್ಯಾಬಿಗೆ ಹಾಕಿದರೆ ಮಾತ್ರ ಬರೀ ಬಿಳಿ ಪರದೆ. ಎರಡು ದಿನ ಗುದ್ದಾಡಿ ಸೋತು, ಬೀದರಿಗೆ ಹೋಗಿ ತನ್ನ ಜೊತೆ ಕಲಿತ ನಾಗಸೇನನ ಮುಂದೆ ಕುಳಿತಳು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು ಅವನು.

"ಇಷ್ಟು ದೊಡ್ಡ ಚಿತ್ರ ಈ ಟ್ಯಾಬ್ ಒಮ್ಮೆಲೆ ಎತ್ತಂಗಿಲ್ಲ" ಎಂದ ನಾಗಸೇನ. "ಇಡೀ ರೊಟ್ಟಿ ಯಾರರೆ ಬಾಯಾಗ ಇಟ್ಕೊಂತಾರೇನು? ಮುರ್ಕೊಂಡು ತಿನಬೇಕು."

ಇಬ್ಬರೂ ಕೂತು ಚಿತ್ರವನ್ನು ಡಬ್ಬಿ ಬಿಚ್ಚಿದಂತೆ ಆರು ತುಂಡು ಮಾಡಿದರು: ನಾಲ್ಕು ಗೋಡೆ, ಒಂದು ಮಾಳಿಗೆ, ಒಂದು ನೆಲ. ಸಂಜೆಯ ಹೊತ್ತಿಗೆ ಅಡುಗೆಮನೆ ಬೆರಳ ತುದಿಯಲ್ಲಿ ಸಲೀಸಾಗಿ ತಿರುಗತೊಡಗಿತು. ಮೂವರು ಶಿವರಾಜಪ್ಪರೂ ತಿರುಗಿದರು. ಅವರನ್ನು ವಿಶಾಖಾ ನಗುತ್ತಲೇ ಅಳಿಸಿದಳು. ರಾಶಿಯ ಬಳಿ ಬಂದಾಗ ಮಾತ್ರ ಕೈ ತಡೆಯಿತು. ಮನುಷ್ಯರನ್ನು ಅಳಿಸಿದರೆ ಜಾಗ ಸುಳ್ಳಾಗುವುದಿಲ್ಲ. ಇದನ್ನು ಅಳಿಸಿದರೆ ಆಗುತ್ತದೆ. ತಾನು ಹೋಗಲಾರದ ಕಡೆ ಕಣ್ಣು ಕಳಿಸುತ್ತಿರುವ ಮುದುಕಿಗೆ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ರಾಶಿ ಅಳಿಸುವುದಿಲ್ಲವೆಂದು ಶಿವರಾಜಪ್ಪರಿಗೆ ಫೋನ್ ಮಾಡಿ ಹೇಳಿಯೇಬಿಟ್ಟಳು. ಅವರು, "ಗಿರಾಕಿ ಕೈ ಬಿಟ್ಟು ಹೋದ್ರ ನೀನೇ ನೋಡ್ಕೋ" ಎಂದರು.

ಔರಾದದಲ್ಲಿ ರುಕ್ಮಿಣಿಬಾಯಿ ಮಂಚದ ಮೇಲೆ ಎರಡು ದಿಂಬಿನ ಮೇಲೆ ಕಾಲಿಟ್ಟು ಕುಳಿತಿದ್ದರು. ಪಕ್ಕದಲ್ಲಿ ಮದುಮಗಳು ಸಿದ್ದೇಶ್ವರಿ. ಹೂವಿನ ವೇದಿಕೆಯನ್ನು ಅಜ್ಜಿ ಕಣ್ಣೆತ್ತಿಯೂ ನೋಡಲಿಲ್ಲ.

"ಅಡಗಿಮನಿ ತೋರಸು ತಂಗಿ."

ಒಮ್ಮೆ ರೂಢಿಯಾದದ್ದೇ ತಡ, ಆಕೆಯ ಬೆರಳು ನಿಲ್ಲಲೇ ಇಲ್ಲ. ಮೊದಲು ಮೇಲೆ ನೋಡಿದರು: ಹೊಗೆ ಹೋಗಲು ಗವಾಕ್ಷಿ ಇದೆಯೇ? ಇತ್ತು. ಆಮೇಲೆ ನೆಲ: ತೊಳೆದ ನೀರು ಮೋರಿಗೆ ಹರಿಯುತ್ತದೆಯೇ? ಇಳಿಜಾರು ಸರಿಯಿತ್ತು. ನಂತರ ಹಿಂದಕ್ಕೆ ತಿರುಗಿಸಿದರು. ಪರದೆ ತುಂಬ ಆ ರಾಶಿ.

"ಇಲ್ಲಿ ಏನದ?"

"ಹಳಿ ಸಾಮಾನು ಒಟ್ಟ್ಯಾರ್ರಿ ಆಯಿ."

"ಸಾಮಾನು ಕಾಣಸ್ತದ ನನಗ. ಅದರ ಹಿಂದ ಕೇಳ್ಲಿಕತ್ತೀನಿ. ಬಾಗ್ಲ ಅದಲ್ಲ ಅದು?"

ವಿಶಾಖಾ ಎರಡು ಬೆರಳಿಂದ ಚಿತ್ರ ಹಿಗ್ಗಿಸಿದಳು. ಕುರ್ಚಿಗಳ ಮೇಲೆ ಚೌಕಟ್ಟಿನ ತಲೆ ಕಾಣುತ್ತಿತ್ತು. ನಾಲ್ಕು ದಿನ ಅದೇ ಚಿತ್ರದೊಳಗೆ ಮುಳುಗಿದ್ದರೂ ಅವಳಿಗೆ ಅದು ಕಂಡಿರಲಿಲ್ಲ.

"ನನ್ನ ಮಗ ಹೋಗಿ ಎರಡು ಕಣ್ಣಿಲೆ ನೋಡಿ ಬಂದು, ಒಂದೇ ಬಾಗ್ಲ ಅದ ಅಂದ" ಎಂದರು ರುಕ್ಮಿಣಿಬಾಯಿ. "ಎರಡು ಬಾಗ್ಲ ಇದ್ರ ಬಡಸೋರು ಒಂದ್ರಾಗ ಬರ್ತಾರ, ಒಂದ್ರಾಗ ಹೋಗ್ತಾರ. ಒಬ್ಬರ ಮ್ಯಾಲ ಒಬ್ಬರು ಸಾರು ಚೆಲ್ಲಂಗಿಲ್ಲ. ಹಚ್ಚು ಫೋನು."

ಶಿವರಾಜಪ್ಪ ಫೋನೆತ್ತಿದರು. ರಾಶಿ ತೆಗೆಸಿ ಬಾಗಿಲು ತೆರೆದರೆ ಮದುವೆ ಅಲ್ಲೇ ಎಂದು ಅಜ್ಜಿ ಹೇಳಿದಾಗ ಆ ಕಡೆಯಿಂದ ಸಣ್ಣ ದನಿ ಬಂತು: "ಆ ಬಾಗ್ಲ ಇರೋದೇ ಮರ್ತಿದ್ದೆನ್ರಿ. ಇವತ್ತೇ ಬಿಚ್ಚಸ್ತೇನಿ."

ಚಹಾ ಬಂತು. ಸಿದ್ದೇಶ್ವರಿ ವಿಶಾಖಾಳ ಬಳಿ ಸರಿದು ಮೆಲ್ಲಗೆ ಕೇಳಿದಳು. "ಅಕ್ಕಾ, ಬೀದರಿನಾಗ ಗಂಡಿನವರ ಮನಿ ಹಿಂಗ ತೆಗಿಲಿಕ್ಕಿ ಆಗ್ತದೇನ್ರಿ? ನಾ ಬರೇ ಪಡಸಾಲಿ ನೋಡೀನಿ."

"ಮೊದಲ ಅವರಿಗಿ ಕೇಳಬೇಕಲ್ಲವ್ವಾ?"

ಆ ಮಾತು ಮುಗಿಯುವ ಮೊದಲೇ ಹುಡುಗಿ ಮೊಬೈಲ್ ಹಿಡಿದು ಅಂಗಳಕ್ಕೆ ಹೋಗಿದ್ದಳು. ವಿಶಾಖಾ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ರುಕ್ಮಿಣಿಬಾಯಿ ಮಾತ್ರ ಟ್ಯಾಬ್ ಕೊಡುವ ಲಕ್ಷಣ ಕಾಣಲಿಲ್ಲ. ಅವರು ಟ್ಯಾಬಿನೊಳಗೆ ಊಟದ ಹಾಲಿನ ನಡುವೆ ನಿಂತು, ಮಾಳಿಗೆಯ ಫ್ಯಾನುಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು.