ನಾಕೌಟು ಮಾತ್ರ

ನಾನು ಒಂದು ಹಳೆಯ ಫಿಲ್ಮ್ ರೀಲು. ನನ್ನ ಮೈಮೇಲೆ ಬಾಕ್ಸಿಂಗ್ ಪಂದ್ಯವೊಂದಿದೆ. ಸರಿಯಾಗಿ ಹೇಳಬೇಕೆಂದರೆ, ಪಂದ್ಯದ ಬಾಲವಿದೆ.

ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಮೈದಾನದಲ್ಲಿ, ಎಂಜಿನಿಯರೊಬ್ಬರ ಕ್ಯಾಮೆರಾದೊಳಗೆ ನಾನು ಹುಟ್ಟಿದೆ. ಫಿಟ್ಟರ್ ದೇವಪುತ್ರಪ್ಪ ಅಂದು ಮದರಾಸಿನ ಪಟುವನ್ನು ಪ್ರತಿ ಸುತ್ತಿನಲ್ಲೂ ಕಣದ ಹಗ್ಗಕ್ಕೆ ಒತ್ತಿ ಹೊಡೆದ. ಆದರೆ ಕೊನೆಯ ಸುತ್ತಿನಲ್ಲಿ ಎದುರಾಳಿಯ ಒಂದೇ ಏಟಿಗೆ ತಾನೇ ಬಿದ್ದ. ಎಲ್ಲವನ್ನೂ ನಾನು ಹಿಡಿದಿಟ್ಟುಕೊಂಡೆ.

ಎಂಜಿನಿಯರ್ ತೀರಿಕೊಂಡ ಮೇಲೆ ಮುಂಬಯಿಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ನನ್ನನ್ನು ಕೊಂಡ. ಸಂಗ್ರಹಕಾರರಿಗೆ ಬೇಕಾದ್ದು ನಾಕೌಟು ಮಾತ್ರ ಎಂದು ಅವನಿಗೆ ಗೊತ್ತಿತ್ತು. ದೇವಪುತ್ರಪ್ಪ ಗೆಲ್ಲುತ್ತಿದ್ದ ಸುತ್ತುಗಳನ್ನೆಲ್ಲ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ. ಆ ಕೈಯನ್ನು ನಾನು ಕ್ಷಮಿಸಲಾರೆ.

ಆಮೇಲೆ ಧಾರವಾಡದ ಸಂಗ್ರಹಕಾರ ಮುನವಳ್ಳಿ ಸಾಹೇಬರ ಪಾಲಾದೆ. ಅವರು ಹತ್ತಿಯ ಕೈಗವಸು ಹಾಕದೆ ನನ್ನನ್ನು ಮುಟ್ಟುತ್ತಿರಲಿಲ್ಲ. ಭಾನುವಾರ ಗೆಳೆಯರನ್ನು ಕೂರಿಸಿ, ಪ್ರೊಜೆಕ್ಟರ್ ಯಂತ್ರದಲ್ಲಿ ಆ ಬೀಳುವುದನ್ನೇ ಮುಂದಕ್ಕೂ ಹಿಂದಕ್ಕೂ ಓಡಿಸುತ್ತಿದ್ದರು. "ಏಳಪಾ ಪೈಲ್ವಾನ. ಹಾಂ, ಈಗ ಮತ್ತ ಮಲಕೋ." ಎಲ್ಲರೂ ನಗುತ್ತಿದ್ದರು. ನಾನು ಒಳಗೊಳಗೇ ಉರಿಯುತ್ತಿದ್ದೆ.

ಒಂದು ದಿನ ದೇವಪುತ್ರಪ್ಪನ ಮಗಳು ಮಾರ್ಥಾಬಾಯಿ ವಿಳಾಸ ಹುಡುಕಿಕೊಂಡು ಬಂದರು. ತಂದೆ ಸತ್ತಾಗ ಆಕೆ ತೊಟ್ಟಿಲ ಕೂಸು.

"ನಮ್ಮಪ್ಪನ್ನ ಒಮ್ಮಿ ನೋಡಬೇಕಿತ್ರಿ."

"ಕೂಡ್ರಿ ಅಕ್ಕಾರ. ಹೆಂಗ ಬೀಳ್ತಾನ ನೋಡ್ರಿ, ಭಾರಿ ಮಜಾ ಐತಿ."

"ಬಿದ್ದದ್ದು ಬ್ಯಾಡ್ರಿ. ಅಂವ ನಿಂತದ್ದು ತೋರಸ್ರಿ."

"ನಿಂತಾಂವನ್ನ ಯಾರ ನೋಡ್ತಾರ್ರಿ?" ಎಂದು ಮುನವಳ್ಳಿ ಯಂತ್ರ ಶುರು ಮಾಡಿದರು.

ದೇವಪುತ್ರಪ್ಪ ಮುಷ್ಟಿ ಎತ್ತಿದ. ಇನ್ನೇನು ಏಟು ಬೀಳಬೇಕು. ಮುಪ್ಪಿನಿಂದ ನನ್ನ ಮೈ ಮುರುಟಿತ್ತು, ಅಂಚಿನ ತೂತುಗಳು ಯಂತ್ರದ ಹಲ್ಲಿಗೆ ಹೊಂದುತ್ತಿರಲಿಲ್ಲ. ಆದರೂ ಪ್ರತಿ ಭಾನುವಾರ ಹೇಗೋ ಎಳೆದುಕೊಂಡು ಹೋಗಿದ್ದೆ. ಅಂದು ಹೋಗಲಿಲ್ಲ. ದೀಪದೆದುರು ಸಿಕ್ಕಿ ನಿಂತುಬಿಟ್ಟೆ. ಗೋಡೆಯ ಮೇಲೆ ದೇವಪುತ್ರಪ್ಪನೂ ನಿಂತ, ಎದೆ ಉಬ್ಬಿಸಿಕೊಂಡು, ಮಗಳ ಕಡೆ ಮುಖ ಮಾಡಿ. ಮೂಲೆಯಿಂದ ಕಂದು ಕಲೆ ಹರಡತೊಡಗಿತು.

"ಸುಡಾಕತ್ತೇತಿ, ಸರೀರಿ," ಎಂದು ಮುನವಳ್ಳಿ ಸ್ವಿಚ್ಚಿನತ್ತ ಓಡಿದರು.

ಮಾರ್ಥಾಬಾಯಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತರು. "ಒಂದೀಟು ತಡೀರಿ ಸಾಹೇಬ್ರ. ನೋಡಾಕತ್ತೀನಿ."

ಗವಸು ಹಾಕಿಕೊಳ್ಳುವ ವ್ಯವಧಾನವೂ ಇಲ್ಲದೆ ಮುನವಳ್ಳಿ ಬರಿಗೈಯಲ್ಲಿ ನನ್ನನ್ನು ಹಿಡಿದು ಎಳೆದರು. ತೂತುಗಳು ಸಾಲುಸಾಲಾಗಿ ಹರಿದುಹೋದವು.

ಈಗ ನಾನು ಅವರ ಮೆಟ್ಟಿಲ ಕೆಳಗೆ, ತುಕ್ಕು ಹಿಡಿದ ಡಬ್ಬಿಯಲ್ಲಿದ್ದೇನೆ. ಕೊಳ್ಳಲು ಬಂದವರು ಮುಚ್ಚಳ ತೆಗೆದು, ಮೂಗು ಮುರಿದು ಹೋಗುತ್ತಾರೆ. ಹೋಗಲಿ. ಗೆದ್ದ ಸುತ್ತುಗಳನ್ನು ಎಸೆದು ಬಿದ್ದ ಗಳಿಗೆಗೆ ಬೆಲೆ ಕಟ್ಟಿದವರ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬೀಳುವ ಭಾಗ ಸುಡದೆ ನನ್ನಲ್ಲೇ ಇದೆ. ತೂತುಗಳು ಹರಿದ ಮೇಲೆ ಅದನ್ನು ಓಡಿಸಬಲ್ಲ ಯಂತ್ರ ಮಾತ್ರ ಇನ್ನು ಯಾರ ಮನೆಯಲ್ಲೂ ಇಲ್ಲ.