ಪ್ಲಿಮತ್ತಿನ ಕೊನೆಯ ಬನ್ನಿ ಸುತ್ತು

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನಗಿಂತ ಮುಂಚೆ ಒಬ್ಬಳು ಬಂದು ಕೂತಿದ್ದಳು. ಹಸಿರು ಮೈ, ಕೆನೆಬಣ್ಣದ ತಲೆ, ಮುಂದೆ ಹಲ್ಲು ಕಿರಿದಂತೆ ಹೊಳೆಯುವ ಜಾಲರಿ. ೧೯೫೬ರ ಪ್ಲಿಮತ್, ಅಮೆರಿಕದ ಗಾಡಿ. ನಮ್ಮ ಯಜಮಾನರು ಕೃಷ್ಣಾಜಿ ಮದುವೆಯ ಹಿಂದಿನ ವರ್ಷ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಹಿತ್ತಲಿನಿಂದ ಅದನ್ನು ಎತ್ತು ಕಟ್ಟಿ ಎಳೆಸಿಕೊಂಡು ಬಂದಿದ್ದರು. ನನ್ನನ್ನು ಮನೆ ತುಂಬಿಸಿಕೊಳ್ಳುವ ದಿನ ಅತ್ತೆಯವರು ಆರತಿ ತಟ್ಟೆ ಹಿಡಿದು ಬಂದು, ಮೊದಲು ಗಾಡಿಯ ಹಣೆಗೆ ಕುಂಕುಮ ಹಚ್ಚಿ ಆಮೇಲೆ ನನ್ನ ಕಡೆ ತಿರುಗಿದರು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ರಾಣೆಬೆನ್ನೂರಿನಲ್ಲಿ ನಮ್ಮದು ಬೀಜದ ಅಂಗಡಿ. ಇವರು ಮೇಡ್ಲೇರಿ, ಹಲಗೇರಿ ಎಂದು ಹೊಲ ಸುತ್ತುತ್ತಿದ್ದುದು ಇದೇ ಗಾಡಿಯಲ್ಲಿ. ಹಿಂದೆ ಬೀಜದ ಚೀಲ, ಮುಂದಿನ ಉದ್ದ ಸೀಟಿನಲ್ಲಿ ಇವರ ಜೊತೆ ಇಬ್ಬರು ರೈತರು. ಅದಕ್ಕೆ ಬೇಕಾದ ಸಾಮಾನು ಅಮೆರಿಕದಿಂದ ಬರುವುದುಂಟೇ? ಟ್ರ್ಯಾಕ್ಟರಿನ ರಬ್ಬರು, ಲಾರಿಯ ಪೈಪು, ಯಾವುದೋ ನೀರಿನ ಪಂಪಿನ ಬೇರಿಂಗು, ಎಲ್ಲವನ್ನೂ ತಂದು ಕೊರೆಸಿ, ಉಜ್ಜಿಸಿ ಕೂರಿಸುತ್ತಿದ್ದರು. ಭಾನುವಾರ ಬಂತೆಂದರೆ ಇವರ ಎರಡು ಕಾಲು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಿದ್ದವು, ಉಳಿದದ್ದೆಲ್ಲ ಗಾಡಿಯ ಕೆಳಗೆ. ಊಟಕ್ಕೆ ಕರೆದರೆ "ಬಂದೆ" ಎಂಬ ದನಿ ಬರುತ್ತಿತ್ತು, ಮನುಷ್ಯ ಬರುತ್ತಿರಲಿಲ್ಲ.

ದಸರೆಗೆ ಊರೆಲ್ಲ ನೆಂಟರಿಷ್ಟರಿಗೆ ಬನ್ನಿ ಎಲೆ ಕೊಟ್ಟರೆ ಇವರದೊಂದು ಬೇರೆ ಪದ್ಧತಿ. ಪ್ಲಿಮತ್ತಿಗೆ ಯಾವಾಗಲಾದರೂ ಒಂದು ಬೋಲ್ಟು ಹಾಕಿಕೊಟ್ಟವರ ಮನೆಗೆಲ್ಲ ಅದೇ ಗಾಡಿಯಲ್ಲಿ ಹೋಗಿ ಬನ್ನಿ ಕೊಟ್ಟು ಬರುವುದು. ರಾಣೆಬೆನ್ನೂರಿನಿಂದ ಬ್ಯಾಡಗಿ, ಅಲ್ಲಿಂದ ಹಾವೇರಿ. ಹಾಕಿಕೊಟ್ಟವರು ತೀರಿಕೊಂಡಿದ್ದರೆ ಅವರ ಮಕ್ಕಳಿಗೆ. ಪಕ್ಕದಲ್ಲಿ ಬನ್ನಿಯ ಬುಟ್ಟಿ ಹಿಡಿದು ಕೂರುವುದು ನನ್ನ ಕೆಲಸ.

ಈ ವರ್ಷ ಶ್ರಾವಣದಲ್ಲಿ ಕಣ್ಣಿನ ಡಾಕ್ಟರು ಇವರನ್ನು ನೋಡಿ, "ಎದುರಿಂದು ಕಾಣ್ತದ, ಮಗ್ಗಲದ್ದು ಕಾಣೂದಿಲ್ಲ. ಇನ್ನ ಸ್ಟೇರಿಂಗ್ ಮುಟ್ಟಬ್ಯಾಡ್ರಿ ರಾಯರ" ಎಂದುಬಿಟ್ಟರು. ಇವರು ವಾದಿಸಲಿಲ್ಲ. ಜಗಳವಾಡದ ಈ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಮಗ ಸಮೀರನಿಗೆ ಹಾವೇರಿಯ ಯುವರಾಜ ಎಂಬ ಗೆಳೆಯನಿದ್ದಾನೆ, ಹೆದ್ದಾರಿಯ ಬಾಜೂ ಹೊಸ ಹೋಟೆಲು ತೆಗೆದವನು. ಗಾಡಿಯನ್ನು ಹೋಟೆಲಿನ ಮುಂದೆ ಕಟ್ಟೆಯ ಮೇಲೆ ಏರಿಸಿ ನಿಲ್ಲಿಸುತ್ತೇನೆ, ಬಂದವರು ಫೋಟೋ ತೆಗೆಸಿಕೊಳ್ಳುತ್ತಾರೆ ಎಂದು ಅವನು ಕೇಳಿದ್ದ. ಎಂಜಿನ್ ತೆಗೆಯಬೇಕು, ಭಾರ ಜಾಸ್ತಿ.

"ಗುಜರಿಗೆ ಹೋಗೂದಕ್ಕಿಂತ ಇದು ಛಲೋ ಅಲ್ಲೇನಪ್ಪಾ?" ಎಂದ ಸಮೀರ. ಇವರು "ಹೂಂ" ಎಂದರು. ದಸರೆಯ ದಿನ ಕೊನೆಯ ಸಲ ಬನ್ನಿ ಸುತ್ತು ಹೊಡೆದು, ಹಾವೇರಿಯಲ್ಲಿ ಯುವರಾಜನ ಕೈಗೆ ಕೀಲಿ ಒಪ್ಪಿಸುವುದೆಂದು ಗೊತ್ತಾಯಿತು.

ನಾನು ಕುಣಿದಾಡಬೇಕಿತ್ತು. ಗಾಡಿ ನಿಲ್ಲುವ ಶೆಡ್ಡಿನ ಜಾಗದಲ್ಲಿ ಏನೇನು ಗಿಡ ಹಚ್ಚಬೇಕೆಂದು ವರ್ಷಗಟ್ಟಲೆ ಲೆಕ್ಕ ಹಾಕಿದವಳು ನಾನು. ಆದರೆ ಆ "ಹೂಂ" ಆದ ಮೇಲೆ ಇವರು ಶೆಡ್ಡಿನ ಕಡೆ ಕಾಲಿಡಲಿಲ್ಲ. ಭಾನುವಾರ ಬೆಳ್ಳನೆಯ ಧೋತರ ಉಟ್ಟು, ಒಂದು ಕಲೆಯಿಲ್ಲದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತರು. ಊಟಕ್ಕೆ ಕರೆದರೆ ಒಂದೇ ಕೂಗಿಗೆ ಎದ್ದು ಬಂದರು. ಗಾಡಿ ಹೋದರೆ ಅದರ ಹಿಂದೆಯೇ ಇವರೂ ಹೋಗಿಬಿಡುತ್ತಾರೆ ಎನಿಸಿತು.

ದಸರೆಯ ಹಿಂದಿನ ದಿನ ಮಾತ್ರ ಎದ್ದು ಹೋಗಿ ತಾವೇ ಪೂಜೆ ಮಾಡಿದರು. "ಕಡೀ ಪೂಜಿ, ಕಂಜೂಷತನ ಬ್ಯಾಡ" ಎಂದು ಚೆಂಡುಹೂವಿನ ಮಾಲೆಗಳನ್ನು ಮುಂದಿನ ಜಾಲರಿಗೆ ಸುತ್ತಿದ್ದೇ ಸುತ್ತಿದ್ದು. ಮದುಮಗನ ಬಾಸಿಂಗವೂ ಅಷ್ಟು ದಪ್ಪ ಇರುವುದಿಲ್ಲ.

ಮರುದಿನ ಸಮೀರ ಡ್ರೈವ್ ಮಾಡುತ್ತೇನೆಂದು ಕೂತ. ಇದರ ಗೇರು ಇರುವುದು ಸ್ಟೇರಿಂಗಿನ ಬುಡದಲ್ಲಿ, ಅವನ ಕೈ ಹುಡುಕುವುದು ಕೆಳಗೆ ತೊಡೆಯ ಪಕ್ಕದಲ್ಲಿ. ಗೇಟು ದಾಟುವುದರೊಳಗೆ ಮೂರು ಸಲ ಕಪ್ಪೆಯ ಹಾಗೆ ಕುಪ್ಪಳಿಸಿ ಬಂದ್ ಬಿತ್ತು. ಇವರು ಕಣ್ಣು ಮುಚ್ಚಿಕೊಂಡರು.

"ಸಮೀರಾ, ಇಳಿ. ನಾ ಹೊಡೀತೀನಿ" ಎಂದೆ.

"ನೀನು?" ಎಂದು ಇವರು ಹುಬ್ಬೇರಿಸಿದರು. "ಅನಸೂಯಾ, ಇದರ ಗೇರು ಬ್ಯಾರೆ ಅದ."

"ನಮ್ಮಪ್ಪನ ಅಂಬಾಸಡರಿಗೂ ಗೇರು ಇಲ್ಲೇ ಇತ್ತರಿ. ಗದಗಿನಾಗ ಲಗ್ನಕ್ಕ ಮೊದಲ ಕಲಿತೀನಿ. ನೀವು ಒಮ್ಮೆರೆ ಕೇಳೀರೇನು?"

ಇವರು ಕೇಳಿರಲಿಲ್ಲ. ಸಮೀರನ ಕಾರನ್ನು ನಾನು ಸಂತೆಗೆ ಓಡಿಸುತ್ತೇನೆ, ಅದು ಗೊತ್ತು. ಆದರೆ ಪ್ಲಿಮತ್ತಿನ ಸ್ಟೇರಿಂಗ್ ಇನ್ನೊಬ್ಬರ ಕೈಯಲ್ಲಿರುವುದನ್ನು ಇವರು ಕನಸಿನಲ್ಲೂ ಕಂಡವರಲ್ಲ. ಕೊನೆಗೆ ಸಮೀರನನ್ನು ಮನೆಯಲ್ಲೇ ಬಿಟ್ಟು, ಬನ್ನಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ನನ್ನ ಜಾಗದಲ್ಲಿ ಕೂತರು.

ಸೆರಗು ಸಿಕ್ಕಿಸಿ, ಗೇರಿನ ಕೋಲನ್ನು ನನ್ನ ಕಡೆ ಎಳೆದು ಕೆಳಗೆ ಒತ್ತಿದೆ. ಗಾಡಿ ಮೆಲ್ಲಗೆ ಹೊರಟಿತು. ಊರೊಳಗೆ ನಾಲ್ಕಾರು ಮನೆಗೆ ಬನ್ನಿ ಕೊಟ್ಟು ಹೆದ್ದಾರಿ ಹತ್ತಿದೆವು. "ಈಗ ಮೂರನೇದ್ದಕ್ಕ ಹಾಕು" ಎಂದರು, ಎಂಜಿನ್ನಿಗೆ ಕಿವಿಗೊಟ್ಟು. ಹಾಕಿದೆ. ಅಬ್ಬಾ, ಆ ಓಟವೇ! ಸದ್ದಿಲ್ಲ, ಕುಲುಕಾಟವಿಲ್ಲ, ಬಾನೆಟ್ಟು ಕಣ್ಣ ಮುಂದೆ ಅಂಗಳದಷ್ಟು ಅಗಲ. ಬಸ್ಸಿನವರು ಹಾರ್ನ್ ಹೊಡೆದು ಕೈ ಬೀಸಿದರು, ನಾನೂ ಬೀಸಿದೆ. ಈ ಮನುಷ್ಯ ಇಷ್ಟು ವರ್ಷ ಈ ಖುಷಿಯನ್ನೆಲ್ಲ ಒಬ್ಬರೇ ತಿಂದಿದ್ದಾರಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಸ್ವಲ್ಪ ದೂರ ಹೋದ ಮೇಲೆ ಮುಂದಿನ ಫಲಕದಲ್ಲಿ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿರುವುದು ಕಂಡಿತು. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ನನ್ನ ಡ್ರೈವಿಂಗೇ ಸರಿಯಿಲ್ಲ ಎನ್ನುತ್ತಾರೆ, ಸಮೀರನನ್ನು ಕರೆಸುತ್ತಾರೆ. ತಾನಾಗಿ ಇಳಿದೀತು ಎಂದುಕೊಂಡು ಇನ್ನಷ್ಟು ಒತ್ತಿದೆ.

ಇವರು ಮೂಗೇರಿಸಿ ಗಾಳಿ ಎಳೆದರು. "ಅನಸೂಯಾ, ಮುಳ್ಳು ಎಲ್ಲದ?"

"ಅಲ್ಲೇ ಅದರಿ."

"ಅಲ್ಲೇ ಅಂದ್ರ ಎಲ್ಲೆ?"

ಉತ್ತರವನ್ನು ಗಾಡಿಯೇ ಕೊಟ್ಟಿತು. ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು. ಗಾಬರಿಯಿಂದ ಸರ್ವಿಸ್ ರಸ್ತೆಗೆ ತಿರುಗಿಸಿದರೆ ಅಲ್ಲಿ ಉದ್ದಕ್ಕೂ ಗೋವಿನಜೋಳ ಒಣಗಲು ಹಾಕಿದ್ದಾರೆ. ಕಾಳು ಹರಡುತ್ತಿದ್ದ ಗದಿಗೆವ್ವ ಎಂಬಾಕೆ ಕೈಯಲ್ಲಿದ್ದ ಮರದ ಹಲ್ಲಿನ ಹಲುಬೆ ಎತ್ತಿಕೊಂಡೇ ಬಂದಳು. "ಯಕ್ಕಾ, ಕಾಳಿನ ಮ್ಯಾಲ ಹತ್ತಿಸಬ್ಯಾಡ! ನಿಂದ್ರಸ, ಅಲ್ಲೇ ನಿಂದ್ರಸ!" ಹಬೆ ನೋಡಿದ್ದೇ ಹಲುಬೆ ಬಿಸಾಕಿ, ಕುಡಿಯಲು ತಂದಿದ್ದ ಕೊಡವನ್ನೇ ಹೊತ್ತು ತಂದಳು.

ನಾನು ಕೀಲಿ ತಿರುಗಿಸಲು ಕೈ ಹಾಕಿದ್ದೆ. "ಆರಿಸಬ್ಯಾಡ!" ಎಂದು ಗುಡುಗಿದರು ಇವರು. ತಿಂಗಳುಗಳ ನಂತರ ಆ ದನಿ ಕೇಳಿದೆ. "ಚಾಲೂ ಇರ್ಲಿ, ಒಳಗ ನೀರು ತಿರುಗತಿರಬೇಕು. ಸಣ್ಣಗ ರೇಸ್ ಕೊಡು." ಧೋತರದ ತುದಿ ಮೇಲೆ ಕಟ್ಟಿ ಇಳಿದೇ ಹೋದರು. ಬಾನೆಟ್ ಎತ್ತಲು ಜಾಲರಿಯ ಮೇಲೆ ಕೈಯಾಡಿಸಿದವರು ಅಲ್ಲೇ ನಿಂತುಬಿಟ್ಟರು. ಕೈಗೆ ಜಾಲರಿ ಸಿಗಲೇ ಇಲ್ಲ, ಸಿಕ್ಕಿದ್ದು ಗೇಣು ದಪ್ಪದ ಹೂವು. ರೇಡಿಯೇಟರಿಗೆ ಒಂದು ಚೂರೂ ಗಾಳಿ ಹೋಗುವಂತಿರಲಿಲ್ಲ.

"ಅಯ್ಯ ನನ್ನ!" ಎಂದರು. "ಇಷ್ಟ ವರ್ಷ ಮಂದಿಗೆ ಬುದ್ಧಿ ಹೇಳಿ, ನಾನೇ ಇದರ ಮೂಗು ಕಟ್ಟೇನಲ್ಲ!"

"ಮುಳ್ಳು ಮ್ಯಾಲೇರಿದ್ದು ನಾ ಆಗ್ಲೇ ನೋಡಿದ್ದೆರಿ" ಎಂದೆ, ಸೀಟಿನಲ್ಲಿ ಕೂತೇ.

"ಮತ್ತ?"

"ನೀವು ಬೈತೀರಂತ ಹೇಳಲಿಲ್ಲ."

ಇವರು ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಗದಿಗೆವ್ವನೂ ನಕ್ಕಳು, ಕಾರಣ ಅವಳಿಗೆ ಗೊತ್ತಿರಲಿಲ್ಲ. ಕಿತ್ತು ಬಿಸಾಕಿದ ಹೂವಿಗೆ ಅವಳ ಎರಡು ಆಡುಗಳು ಓಡಿಬಂದು ದಸರೆ ಆಚರಿಸಿದವು.

ರೇಡಿಯೇಟರಿನ ಮುಚ್ಚಳದ ಮೇಲೆ ಹಸಿ ಗೋಣಿತಾಟು ಹೊದಿಸಿ, ಬಿಸಿ ತಗ್ಗುವವರೆಗೆ ಕಾದು, ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟರು. "ಮುಳ್ಳು?" ಎಂದು ಅಲ್ಲಿಂದ ಕೇಳುವುದು, "ಇಳೀಲಿಕ್ಕತ್ತದರಿ" ಎಂದು ನಾನು ಇಲ್ಲಿಂದ ಕೂಗುವುದು. "ಈಗ?" "ನಡುವ ಬಂತು!" ಬಾನೆಟ್ ಮುಚ್ಚಿ ಬಂದಾಗ ಇವರ ಮೊಳಕೈವರೆಗೆ ಮಸಿ, ಬೆಳ್ಳನೆಯ ಧೋತರದ ಮೇಲೆ ಗ್ರೀಸಿನ ಪಟ್ಟೆ. ಎಷ್ಟು ಚೆಂದ ಕಂಡರು ಎಂದರೆ, ಬೈಯುವುದೇ ಮರೆತುಹೋಯಿತು. ಗದಿಗೆವ್ವನಿಗೂ ಬನ್ನಿ ಕೊಟ್ಟೆವು. ಈಗ ಅವಳೂ ಪ್ಲಿಮತ್ತಿನವಳೇ ತಾನೆ.

ಬ್ಯಾಡಗಿಯಲ್ಲಿ ಅಬ್ರಾರನ ಮನೆ ಮುಂದೆ ನಿಲ್ಲಿಸಿದಾಗ ಅವನು ಹೊರಗೆ ಬಂದು ಎರಡೆರಡು ಸಲ ಕಣ್ಣುಜ್ಜಿದ. ರೇಡಿಯೇಟರ್ ಬೆಸುಗೆಯ ಕೆಲಸ ಅವನಿಗೆ ಅಪ್ಪನಿಂದ ಬಂದದ್ದು. "ಕಾಕೂ ಹೊಡಕೊಂಡ ಬಂದಾರೇನ್ರಿ ಕಾಕಾ? ಖರೇನ?" ಇವರು ಹೂವಿನ ಕತೆಯನ್ನು ಕೈ ಬಾಯಿ ತಿರುಗಿಸಿ ಹೇಳಿದರು. ಹಬೆ ಈಗ ತೆಂಗಿನಮರದೆತ್ತರ ಹೋಗಿತ್ತು. ಅಬ್ರಾರ ಬಗ್ಗಿ ನೋಡಿ, "ಏನೂ ಆಗಿಲ್ರಿ, ಗಟ್ಟಿ ಐತಿ. ಇನ್ನೂ ಭಾಳ ವರ್ಷ ಓಡತೈತಿ" ಎಂದ. ಇವರ ನಗು ಅಲ್ಲಿಗೆ ನಿಂತಿತು. ನಾನು ಬೇಕೆಂದೇ ನಿಧಾನ ಓಡಿಸಿದೆ, ಆದರೂ ಹಾವೇರಿ ಬಂದೇ ಬಂತು.

ಯುವರಾಜನ ಹೋಟೆಲಿನ ಮುಂದೆ ಕಟ್ಟೆ ತಯಾರಿತ್ತು. ಹೊಳೆಯುವ ಟೈಲ್ಸು, ಸುತ್ತ ಬಣ್ಣದ ಬಲ್ಬು. ಹುಡುಗ ಒಳ್ಳೆಯವನು, ಬಗ್ಗಿ ಇಬ್ಬರ ಕಾಲಿಗೂ ನಮಸ್ಕಾರ ಮಾಡಿದ.

"ಬರ್ರಿ ಕಾಕಾ, ಒಳಗ ಕುಂದರ್ರಿ. ಎಂಜಿನ್ ಇಳಸೂ ಮಂದೀಗೆ ಸೋಮವಾರ ಬರಾಕ ಹೇಳೇನಿ. ಕೀಲಿ ಒಂದ ಕೊಟ್ಟಬಿಡ್ರಿ, ಆಮ್ಯಾಲ ಚಹಾ ಕುಡಿಯೂಣು."

ಇವರ ಕೈ ರೂಢಿಯಂತೆ ಅಂಗಿಯ ಜೇಬಿಗೆ ಹೋಯಿತು. ಜೇಬು ಖಾಲಿ ಇತ್ತು. ಕೀಲಿ ನನ್ನ ಮುಷ್ಟಿಯಲ್ಲಿತ್ತು. ಇವರು ಆ ಕಟ್ಟೆಯನ್ನೊಮ್ಮೆ ನೋಡಿದರು, ಗಾಡಿಯನ್ನೊಮ್ಮೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು:

"ನನ್ನ ಕಡೆ ಇಲ್ಲಪಾ ಯುವರಾಜ. ಕೀಲಿ ಡ್ರೈವರ್ ಕಡೆ ಅದ. ಅಕೀನ್ನ ಕೇಳು."

ನನ್ನ ಕಣ್ಣು ತುಂಬಿಬಂತು. ಅತ್ತೆಯವರ ಆರತಿಯ ಸಿಟ್ಟನ್ನೂ ಸೇರಿಸಿ, ಇಷ್ಟು ವರ್ಷ ಇವರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಪ್ರೀತಿ ಉಕ್ಕಿತು. ಯುವರಾಜ ನನ್ನ ಮುಂದೆ ಕೈ ಚಾಚಿ ನಿಂತಿದ್ದ. ಆ ಕೈಯಲ್ಲಿ ಬನ್ನಿ ಎಲೆ ಇಟ್ಟೆ.

"ಕೊಡೂದಿಲ್ಲಪಾ. ನಾ ಈಗರೆ ಕೈ ಹಚ್ಚೇನಿ. ಇನ್ನೂ ಮನಸೋಕ್ತ ಹೊಡಿಯೂದದ."

"ಕಾಕೂ, ಕಟ್ಟಿ ಕಟ್ಟಿಸೇನಲ್ರಿ!"

"ಛಲೋ ಆತು. ಅದರ ಮ್ಯಾಲ ತುಳಸಿ ಹಚ್ಚು."

ಯುವರಾಜ ತಲೆ ಕೆರೆದುಕೊಂಡು, ಕೊನೆಗೆ ತಾನೂ ನಕ್ಕು, ಚಹಾ ತರಲು ಒಳಗೆ ಹೋದ. ನಾನು ಹಿಂತಿರುಗಿ ನೋಡಿದರೆ ಇವರು ಪಕ್ಕದಲ್ಲಿ ಇರಲಿಲ್ಲ. ಗಾಡಿಯ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು.